ದತ್ತಕದ ಹಕ್ಕು ಮತ್ತು ಸಂಸ್ಥಾನದ ಉಳಿವು: ಮುಮ್ಮಡಿ ಕೃಷ್ಣರಾಜ ಒಡೆಯರ ಬದುಕು

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ತಲಕಾಡಿನತ್ತ ಹರಿಯುವ ದಾರಿಯಲ್ಲಿ ಮುಡುಕುತೊರೆಯ ಬೆಟ್ಟದ ಬಳಿ ತಿರುವು ಪಡೆಯುತ್ತದೆ. ಊರಿನ ಹೆಸರು ಈ ತಿರುವಿನಿಂದಲೇ ಬಂದುದೆಂಬುದು ರೂಢಿಯಲ್ಲಿರುವ ವಿವರಣೆ. ಬೆಟ್ಟದ ಮೇಲಿನ ಮಲ್ಲಿಕಾರ್ಜುನನು ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬನು. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರರನ್ನು ತಲಕಾಡಿನಲ್ಲಿಯೂ ಅರ್ಕೇಶ್ವರನನ್ನು ವಿಜಯಾಪುರದಲ್ಲಿಯೂ ಕಂಡು ಬಂದವರಿಗೆ ಮುಡುಕುತೊರೆಯ ಬೆಟ್ಟವನ್ನು ಹತ್ತದೆ ಪಂಚಲಿಂಗ ದರ್ಶನವು ಪೂರ್ಣವಾಗುವುದಿಲ್ಲ. ದನಗಳ ಜಾತ್ರೆಗೂ ಹೆಸರಾದ ಈ ಸ್ಥಳದ ಸುತ್ತಲಿನ ಹಳ್ಳಿಗಳಲ್ಲಿ ಮೈಸೂರು ಅರಸರ ವಿಷಯವಾಗಿ ಮಾತು ಬಂದರೆ ಅದು ಬಹುಮಟ್ಟಿಗೆ ಅಲಮೇಲಮ್ಮನ ಕಥೆಯಿಂದಲೇ ಆರಂಭವಾಗುತ್ತದೆ.

ಕಥೆ ಎಲ್ಲರಿಗೂ ತಿಳಿದುದು. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಜನು ಕಾಯಿಲೆಯಿಂದ ನರಳುತ್ತ ವೈದ್ಯೇಶ್ವರನ ಸನ್ನಿಧಿಗೆ ಬಂದದ್ದು, 1610ರಲ್ಲಿ ಪಟ್ಟಣವು ರಾಜ ಒಡೆಯರ ವಶವಾದದ್ದು, ತಿರುಮಲರಾಜನ ಮಡದಿ ಅಲಮೇಲಮ್ಮನ ಬಳಿಯಿದ್ದ ಒಡವೆಗಳಿಗಾಗಿ ಅರಸರ ಕಡೆಯವರು ಬೆನ್ನಟ್ಟಿದ್ದು, ಆಕೆ ಮಾಲಂಗಿಯ ಬಳಿ ಹೊಳೆಗೆ ಹಾರಿಕೊಂಡದ್ದು. ತಲಕಾಡು ಮರಳಿನಲ್ಲಿ ಹೂತುಹೋಗಲೆಂದೂ ಮಾಲಂಗಿಯಲ್ಲಿ ನದಿಯು ಮಡುಗಟ್ಟಲೆಂದೂ ಮೈಸೂರು ದೊರೆಗಳ ಸಂತಾನವು ನಿಂತುಹೋಗಲೆಂದೂ ಆಕೆ ಶಪಿಸಿದಳೆಂಬುದು ನಂಬಿಕೆ. ಮರಳಿಗೆ ಕಾರಣವನ್ನು ವಿದ್ವಾಂಸರು ಮಾಧವಮಂತ್ರಿ ಕಟ್ಟೆಯಿಂದಾಗಿ ನದಿಯ ಹರಿವಿನಲ್ಲಾದ ಬದಲಾವಣೆಯಲ್ಲಿಯೂ ಬೇಸಗೆಯ ಗಾಳಿಯಲ್ಲಿಯೂ ಹುಡುಕಿದ್ದಾರೆ. ಸಂತಾನದ ಮಾತೂ ವಂಶಾವಳಿಯೊಂದಿಗೆ ಅಷ್ಟಾಗಿ ಹೊಂದುವುದಿಲ್ಲ. ಚಿಕ್ಕದೇವರಾಜ ಒಡೆಯರ ನಂತರ ಮಗನೂ ಆ ಬಳಿಕ ಮೊಮ್ಮಗನೂ ಪಟ್ಟಕ್ಕೆ ಬಂದರು. ಆದರೂ ಹದಿನೆಂಟನೆಯ ಶತಮಾನದಲ್ಲಿ ದತ್ತಕದಿಂದ ಬಂದ ಅರಸರ ಸಂಖ್ಯೆ ಕಡಿಮೆಯದೇನಲ್ಲ. ಆದುದರಿಂದ ಜನರ ನೆನಪಿನಲ್ಲಿ ದತ್ತಕವೆಂಬುದು ಶಾಪದ ಗುರುತಾಗಿ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ದತ್ತಕವು ಸಂಸ್ಥಾನದ ಅಳಿವು ಉಳಿವುಗಳ ಪ್ರಶ್ನೆಯಾಗಿ ಮಾರ್ಪಟ್ಟಿತು. ಈ ಪ್ರಶ್ನೆಯನ್ನು ತಮ್ಮ ಆಯುಷ್ಯದ ಕೊನೆಯವರೆಗೂ ಹೊತ್ತು ನಡೆದವರು ಮುಮ್ಮಡಿ ಕೃಷ್ಣರಾಜ ಒಡೆಯರು.

ಕೃಷ್ಣರಾಜರು 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು. ಇವರು ಅರಿಕುಠಾರದ ಮನೆತನದಿಂದ ಆಯ್ಕೆಯಾಗಿ ಪಟ್ಟಕ್ಕೆ ಬಂದವರು. 1796ರಲ್ಲಿ ತಂದೆ ತೀರಿಕೊಂಡಾಗ ಟಿಪ್ಪು ಸುಲ್ತಾನನು ಬೇರೊಬ್ಬ ಅರಸನನ್ನು ನೇಮಿಸಲಿಲ್ಲ. ಎರಡು ವರ್ಷದ ಮಗುವಿನ ಪಾಲಿಗೆ ಉಳಿದದ್ದು ಅರಮನೆಯ ಹೆಂಗಸರ ಆಸರೆ ಮಾತ್ರ. ಅವರಲ್ಲಿ ಮುಖ್ಯರಾದವರು ಇಮ್ಮಡಿ ಕೃಷ್ಣರಾಜರ ರಾಣಿ ಲಕ್ಷ್ಮಮ್ಮಣ್ಣಿಯವರು. 1782ರಷ್ಟು ಹಿಂದೆಯೇ, ಹೈದರನು ಇನ್ನೂ ಜೀವಂತನಾಗಿದ್ದಾಗಲೇ, ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ಕರಾರು ಮಾಡಿಕೊಂಡಿದ್ದ ದಿಟ್ಟ ಹೆಂಗಸು ಅವರು. ಮೈಸೂರು ಸಂಸ್ಥಾನದ ಪುನಃಸ್ಥಾಪನೆಯನ್ನು ವೆಲ್ಲೆಸ್ಲಿಯ ಔದಾರ್ಯವೆಂದು ಮಾತ್ರ ವಿವರಿಸುವ ಬರೆಹಗಳು ಲಕ್ಷ್ಮಮ್ಮಣ್ಣಿಯವರ ಈ ದೀರ್ಘ ಪ್ರಯತ್ನಕ್ಕೆ ಕೊಡಬೇಕಾದಷ್ಟು ಸ್ಥಳವನ್ನು ಕೊಟ್ಟಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಜೂನ್ 22ರಂದು ಕಂಪನಿ ಸರ್ಕಾರವೂ ಹೈದರಾಬಾದಿನ ನಿಜಾಮನೂ ಸೇರಿ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡ ಕೌಲಿಗೆ ಬಂದರು. ಉಳಿದ ನಡುನಾಡನ್ನು ಪ್ರಾಚೀನ ಅರಸುಮನೆತನದ ಐದು ವರ್ಷದ ಬಾಲಕನಿಗೆ ಒಪ್ಪಿಸಲಾಯಿತು. ಶ್ರೀರಂಗಪಟ್ಟಣವು ಕಂಪನಿಗೆ ಸೇರಿದ್ದರಿಂದ ಜೂನ್ 30ರಂದು ಪಟ್ಟಾಭಿಷೇಕವು ಮೈಸೂರಿನಲ್ಲಿ, ಅರಮನೆಯಿಲ್ಲದ ಊರಿನಲ್ಲಿ ಹಾಕಿದ ಚಪ್ಪರದಡಿಯಲ್ಲಿ ನಡೆಯಿತು. ಜುಲೈ 8ರಂದು ಸಹಾಯಕ ಸೈನ್ಯದ ಒಪ್ಪಂದವಾಯಿತು. ಅದರಂತೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಪೊಗದಿಯನ್ನು ಸಂಸ್ಥಾನವು ಸಲ್ಲಿಸಬೇಕಾಗಿತ್ತು.

ಈ ಎರಡು ಕರಾರುಗಳ ಪದಪ್ರಯೋಗವೇ ಮುಂದಿನ ಎಪ್ಪತ್ತು ವರ್ಷಗಳ ವಾದಕ್ಕೆ ಮೂಲವಾಯಿತು. ಹಂಚಿಕೆಯ ಕೌಲಿನಲ್ಲಿ ಕಂಪನಿ ಮತ್ತು ನಿಜಾಮರ ಪಾಲಿನ ಮಾತು ಬಂದಾಗ ವಾರಸುದಾರರ ಪ್ರಸ್ತಾಪವಿತ್ತು. ಮೈಸೂರಿನ ಅರಸರ ವಿಷಯದಲ್ಲಿ ಆ ಪ್ರಸ್ತಾಪವಿರಲಿಲ್ಲ. ಆದರೆ ಸಹಾಯಕ ಒಪ್ಪಂದವು ಸೂರ್ಯಚಂದ್ರರು ಇರುವವರೆಗೆ ಬಾಧ್ಯವೆಂಬ ಒಕ್ಕಣೆಯನ್ನು ಹೊಂದಿತ್ತು. ಶಾಸನಗಳ ಆಚಂದ್ರಾರ್ಕ ಎಂಬ ಮಾತಿನ ಪರಿಚಯವುಳ್ಳ ಕನ್ನಡಿಗರಿಗೆ ಇದರ ಅರ್ಥದಲ್ಲಿ ಯಾವ ಸಂದೇಹವೂ ಬರಲಾರದು. ದತ್ತಿಯಾಗಲಿ ರಾಜ್ಯವಾಗಲಿ ಆಚಂದ್ರಾರ್ಕವಾಗಿ ಸಂದಿತೆಂದರೆ ಅದು ಒಬ್ಬನ ಆಯುಷ್ಯಕ್ಕೆ ಮುಗಿಯುವಂಥದಲ್ಲ. ಕಂಪನಿಯ ಕಾರಕೂನರಿಗೆ ಅದು ಪೂರ್ವದೇಶದ ಪತ್ರಗಳ ಒಂದು ಅಲಂಕಾರದ ಮಾತಾಗಿ ಕಂಡಿತು. ಒಂದೇ ಒಕ್ಕಣೆಯನ್ನು ಎರಡು ಭಾಷಿಕ ಸಂಪ್ರದಾಯಗಳು ಎರಡು ಬಗೆಯಾಗಿ ಓದಿದ ಈ ಪ್ರಸಂಗವು ಸಾಹಿತ್ಯದ ವಿದ್ಯಾರ್ಥಿಗಳಿಗೂ ಗಮನಾರ್ಹವಾದುದು.

ಅರಸರು ಬಾಲಕರಾಗಿದ್ದಷ್ಟು ಕಾಲ ದಿವಾನ್ ಪೂರ್ಣಯ್ಯನವರು ಆಡಳಿತವನ್ನು ನಡೆಸಿದರು. 1807ರಲ್ಲಿ ಅವರಿಗೆ ದೊರೆತ ಯಳಂದೂರು ಜಹಗೀರು ನರಸೀಪುರದ ನೆರೆಯದೇ. ಅದೇ ವರ್ಷ ಸಂಸ್ಥಾನವು 4,000 ಕುದುರೆ ಸವಾರರನ್ನು ಕಂಪನಿಯ ಸೇವೆಗೆ ಸಿದ್ಧವಾಗಿರಿಸುವ ಹೊಸ ಹೊರೆಯನ್ನೂ ಹೊತ್ತಿತು. 1810ರಲ್ಲಿ ಲಕ್ಷ್ಮಮ್ಮಣ್ಣಿಯವರೂ 1812ರಲ್ಲಿ ಪೂರ್ಣಯ್ಯನವರೂ ತೀರಿಕೊಂಡರು. ಅಷ್ಟರಲ್ಲಿ, 1811ರ ವೇಳೆಗೆ, ಹದಿನೇಳರ ಹರೆಯದ ಅರಸರು ಅಧಿಕಾರವನ್ನು ಕೈಗೆ ತೆಗೆದುಕೊಂಡಿದ್ದರು. ಬೊಕ್ಕಸದಲ್ಲಿ ಪೂರ್ಣಯ್ಯನವರು ಉಳಿಸಿಟ್ಟಿದ್ದ ಸುಮಾರು ಎರಡು ಕೋಟಿ ರೂಪಾಯಿ ಇತ್ತೆಂದು ಹೇಳಲಾಗುತ್ತದೆ.

ಮುಂದಿನ ಇಪ್ಪತ್ತು ವರ್ಷಗಳನ್ನು ಸಮರ್ಥಿಸುವುದು ಕಷ್ಟ. ಅರಸರ ಕೈ ಧಾರಾಳವಾಗಿತ್ತು, ಆಪ್ತರ ಆಯ್ಕೆ ಸಡಿಲವಾಗಿತ್ತು. ಇಂತಿಷ್ಟು ಕಂದಾಯವನ್ನು ಕೂಡಿಸಿಕೊಡುವುದಾಗಿ ಅಮಲ್ದಾರರಿಂದ ಒಪ್ಪಿಗೆ ಬರೆಯಿಸಿಕೊಳ್ಳುವ ಶರತ್ತು ಪದ್ಧತಿಯು ರೈತರನ್ನು ಹಿಂಡಿತು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು ಹಣಕಾಸಿನ ಬಗ್ಗೆ ಎಚ್ಚರಿಕೆ ಕೊಟ್ಟರೂ ಹೆಚ್ಚಿನ ಫಲವಾಗಲಿಲ್ಲ. 1830ರಲ್ಲಿ ನಗರ ಪ್ರಾಂತದ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಬೂದಿ ಬಸವಪ್ಪನು ತಾನೇ ನಗರದ ಅರಸುಮನೆತನದವನೆಂದು ಮುಂದೆ ಬಂದನು. ತರೀಕೆರೆಯ ಪಾಳೆಯಗಾರರೂ ಕೂಡಿಕೊಂಡರು. ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯವು ಬರಬೇಕಾಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನ ಆಜ್ಞೆಯಂತೆ ಆಡಳಿತವು ಇಂಗ್ಲಿಷ್ ಕಮಿಷನರುಗಳ ಕೈಗೆ ಹೋಯಿತು.

ನಗರದ ರೈತರ ಅಳಲು ನಿಜವಾದುದು. ಆದರೆ ಬೆಂಟಿಂಕನು ಆಧಾರವಾಗಿ ಹಿಡಿದ ಒಪ್ಪಂದದ ಕಲಮು ಪೊಗದಿಯ ಸಲ್ಲಿಕೆಗೆ ಅಪಾಯ ಒದಗಿದಾಗ ಅನ್ವಯವಾಗುವಂಥದು, ಪೊಗದಿಯಾದರೋ ತಪ್ಪದೆ ಸಂದಾಯವಾಗುತ್ತಲೇ ಇತ್ತು. ಅಪಾಯವಿದ್ದರೂ ಅಗತ್ಯವಾದಷ್ಟು ಪ್ರದೇಶವನ್ನು ಮಾತ್ರ ವಹಿಸಿಕೊಳ್ಳಲು ಅವಕಾಶವಿತ್ತೇ ಹೊರತು ಇಡೀ ಸಂಸ್ಥಾನವನ್ನಲ್ಲ. ತನಿಖೆಗಾಗಿ ನೇಮಕವಾದ ಸಮಿತಿಯು 1833ರಲ್ಲಿ ವರದಿ ಕೊಟ್ಟ ಬಳಿಕ ಬೆಂಟಿಂಕನಿಗೇ ತನ್ನ ಕ್ರಮದ ಬಗ್ಗೆ ಸಂದೇಹ ಮೂಡಿತು. 1834ರಲ್ಲಿ ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸಬೇಕೆಂದು ಅವನು ಸೂಚಿಸಿದನು. ಲಂಡನ್ನಿನ ನಿರ್ದೇಶಕ ಮಂಡಲಿ ಅದನ್ನು ಒಪ್ಪಲಿಲ್ಲ. ಅರಸರಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡವೂ ನಿವ್ವಳ ಹುಟ್ಟುವಳಿಯ ಐದನೆಯ ಒಂದು ಭಾಗವೂ ನಿಗದಿಯಾದವು. ಆಡಳಿತದ ಕೇಂದ್ರವು ಬೆಂಗಳೂರಿಗೆ ಹೋಯಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಅಲ್ಲಿಂದ ರಾಜ್ಯವನ್ನು ಆಳಿದನು.

ಆಗ ಕೃಷ್ಣರಾಜರಿಗೆ 37 ವರ್ಷ. ಹೆಚ್ಚುಕಡಿಮೆ ಅಷ್ಟೇ ಕಾಲ ಅವರು ಇನ್ನೂ ಬದುಕಲಿದ್ದರು. ಚರಿತ್ರೆಯ ಪುಸ್ತಕಗಳು ಈ ಎರಡನೆಯ ಅರ್ಧವನ್ನು ಕಬ್ಬನ್ ಮತ್ತು ಬೌರಿಂಗರ ಹೆಸರಿಗೆ ಬರೆದಿವೆ, ಸಾಹಿತ್ಯ ಚರಿತ್ರೆಗಳು ಅದನ್ನು ಅರಮನೆಯ ಆಶ್ರಯದ ಕಾಲವೆಂದು ಕರೆದಿವೆ. ಹಾಗಾಗಿ ಅಧಿಕಾರ ಕಳೆದುಕೊಂಡ ಅರಸರೊಬ್ಬರು ಕಾವ್ಯ, ಸಂಗೀತ, ಚದುರಂಗಗಳಲ್ಲಿ ಕಾಲ ಕಳೆದರೆಂಬ ಚಿತ್ರವು ನಿಂತುಬಿಟ್ಟಿದೆ. ಈ ಚಿತ್ರವು ಅರ್ಧಸತ್ಯ.

ಆಶ್ರಯದ ವಿಸ್ತಾರವಂತೂ ನಿಜವಾಗಿಯೂ ದೊಡ್ಡದು. ಕೆಂಪುನಾರಾಯಣನ ಮುದ್ರಾಮಂಜೂಷವು 1823ರಲ್ಲಿ, ಅಧಿಕಾರವಿದ್ದಾಗಲೇ ಹೊರಬಂದ ಗದ್ಯಕೃತಿ. ಅಳಿಯ ಲಿಂಗರಾಜನಂಥ ಕವಿಗಳು, ವೀಣೆ ವೆಂಕಟಸುಬ್ಬಯ್ಯನವರಂಥ ಸಂಗೀತಗಾರರು ಈ ಆಸ್ಥಾನದವರು. ಕನಕಗಿರಿಯ ದೇವಚಂದ್ರನ ರಾಜಾವಳಿ ಕಥೆಯ ಹಿಂದೆ ಅಂತಃಪುರದ ಪ್ರೋತ್ಸಾಹವಿತ್ತು. ಸೌಗಂಧಿಕಾ ಪರಿಣಯ, ಕೃಷ್ಣರಾಜ ವಾಣೀವಿಲಾಸಗಳು ಅರಸರ ಅಂಕಿತದಲ್ಲಿವೆ. ಇವುಗಳಲ್ಲಿ ಅವರ ಸ್ವಂತ ಕೈ ಎಷ್ಟು, ಪಂಡಿತರ ಕೈ ಎಷ್ಟೆಂಬ ಚರ್ಚೆ ಹಳೆಯದು. ಅದು ಇಲ್ಲಿ ಅಷ್ಟು ಮುಖ್ಯವಲ್ಲ. ಶಕ್ತಿನಿಧಿಯಿಂದ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳಾಗಿ ಹರಡಿರುವ ಶ್ರೀತತ್ತ್ವನಿಧಿಯು ದೇವತೆಗಳ ಧ್ಯಾನ, ಲಕ್ಷಣ, ವರ್ಣಚಿತ್ರಗಳ ಬೃಹತ್ ಸಂಕಲನ. ನಾಡಿನ ಕಂದಾಯದ ಲೆಕ್ಕವನ್ನು ಕಳೆದುಕೊಂಡ ಅರಸರು ನಾಡಿನ ದೇವತೆಗಳ ಲೆಕ್ಕವನ್ನು ತಮ್ಮ ಹೆಸರಿನಲ್ಲಿ ಬರೆಯಿಸಿದರು. ಲೋಕದ ವ್ಯವಸ್ಥೆಯನ್ನು ಬಲ್ಲವನೇ ಅರಸನೆಂಬ ಹಳೆಯ ಭಾವನೆಯು ಇಲ್ಲಿ ಕೆಲಸ ಮಾಡುತ್ತಿದೆ ಎನ್ನಬಹುದು.

ದೇವಾಲಯಗಳಲ್ಲಿ ಇದು ಇನ್ನೂ ಸ್ಪಷ್ಟ. ತಂದೆಯ ನೆನಪಿಗಾಗಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟು 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. 1827ರಲ್ಲಿ ಚಾಮುಂಡಿ ಬೆಟ್ಟದ ಗೋಪುರವಾಯಿತು. ನಂಜನಗೂಡಿನ ಶ್ರೀಕಂಠೇಶ್ವರನ ಏಳು ನೆಲೆಯ ಗೋಪುರವನ್ನು ರಾಣಿ ದೇವರಾಜಮ್ಮಣ್ಣಿಯವರು 1840ರ ದಶಕದಲ್ಲಿ ಎತ್ತಿಸಿದರು. ಆ ಹೊತ್ತಿಗೆ ಆಡಳಿತವು ಕೈತಪ್ಪಿ ಹತ್ತು ವರ್ಷವೇ ಮೀರಿತ್ತು. ನಂಜನಗೂಡಿನಲ್ಲಿ, ಚಾಮರಾಜನಗರದಲ್ಲಿ, ಬೆಟ್ಟದ ಮೇಲೆ ಅರಸರೂ ರಾಣಿಯರೂ ಕೈಮುಗಿದು ನಿಂತ ಭಕ್ತವಿಗ್ರಹಗಳಿವೆ. ಕಂದಾಯ ಕಟ್ಟಲು ಬೆಂಗಳೂರಿನ ಅಧಿಕಾರಕ್ಕೆ ಒಳಪಟ್ಟಿದ್ದ ಪ್ರಜೆಯು ದೇವರ ದರ್ಶನಕ್ಕೆ ಬಂದಾಗ ತನ್ನ ಅರಸನನ್ನು ಅಲ್ಲಿ ಕಾಣುತ್ತಿದ್ದನು. ಇದನ್ನು ಬರಿಯ ಭಕ್ತಿಯೆಂದು ಓದುವುದೂ ಬರಿಯ ರಾಜಕಾರಣವೆಂದು ಓದುವುದೂ ತಪ್ಪಾದೀತು. ಮೈಸೂರಿನಲ್ಲಿ ದಸರಾ ದರ್ಬಾರು ಪ್ರತಿವರ್ಷವೂ ನಡೆಯಿತು. 1833ರಲ್ಲಿ ಅರಸರ ಖರ್ಚಿನಿಂದ ಆರಂಭವಾದ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು.

ಇದರ ಜೊತೆಜೊತೆಗೇ ಖರೀತಾಗಳ ಸಾಲು ನಡೆದಿತ್ತು. ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ಗವರ್ನರ್ ಜನರಲರಿಗೆ ಅರಸರು ಮತ್ತೆ ಮತ್ತೆ ಬರೆದರು. 1840ರ ದಶಕದಲ್ಲಿ ಹಾರ್ಡಿಂಜನಿಗೆ ಬರೆದದ್ದಕ್ಕೆ ಫಲವಿರಲಿಲ್ಲ. ಡಾಲ್‌ಹೌಸಿಯ ಕಾಲಕ್ಕೆ ಪ್ರಶ್ನೆಯೇ ಬದಲಾಯಿತು. ಕಂಪನಿಯಿಂದ ಹುಟ್ಟಿದ ಸಂಸ್ಥಾನಗಳಲ್ಲಿ ದತ್ತುಮಗನಿಗೆ ಅರಸರ ಸ್ವಂತ ಆಸ್ತಿ ಸೇರಬಹುದು, ರಾಜ್ಯ ಸೇರದು ಎಂಬುದು ಅವನ ನೀತಿಯ ಸಾರ. ಧರ್ಮಶಾಸ್ತ್ರದಲ್ಲಿ ಇಂಥ ವಿಂಗಡಣೆಗೆ ಎಡೆಯಿಲ್ಲ. ದತ್ತಪುತ್ರನು ಪಿಂಡಕ್ಕೆ ಹೇಗೋ ಹಾಗೆ ರಾಜ್ಯಕ್ಕೂ ಬಾಧ್ಯಸ್ಥನು. 1856ರಲ್ಲಿ ಡಾಲ್‌ಹೌಸಿ ಮೈಸೂರಿನ ಕರಾರಿನಲ್ಲಿ ವಾರಸುದಾರರ ಮಾತಿಲ್ಲವೆಂಬುದನ್ನು ಎತ್ತಿ ತೋರಿಸಿ, ವೃದ್ಧ ಅರಸರ ನಂತರ ರಾಜ್ಯವು ತಾನಾಗಿಯೇ ಬ್ರಿಟಿಷರಿಗೆ ಸೇರುವುದೆಂಬ ನಿರೀಕ್ಷೆಯನ್ನು ದಾಖಲಿಸಿದನು. ಪಟ್ಟದ ರಾಣಿಯರಲ್ಲಿ ಉಳಿದ ಗಂಡು ಸಂತಾನವಿರಲಿಲ್ಲ. ಅರಸರ ಕೊನೆಯುಸಿರಿಗಾಗಿ ಕಾಯುವುದೊಂದೇ ಉಳಿದ ಕೆಲಸವೆಂದು ಕಲ್ಕತ್ತೆಯ ಕಚೇರಿಯು ಭಾವಿಸಿದಂತಿತ್ತು.

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ದತ್ತಕವನ್ನು ಥ್ಯಾಕರೆ ಮನ್ನಿಸಲಿಲ್ಲ. ರಾಣಿ ಚೆನ್ನಮ್ಮನ ಯುದ್ಧವಾಗಿ ಥ್ಯಾಕರೆ ಸತ್ತನು, ವರ್ಷದ ಕೊನೆಗೆ ಕಿತ್ತೂರು ಬಿದ್ದಿತು. ನರಗುಂದದ ಭಾಸ್ಕರರಾಯ ಭಾವೆ ದತ್ತಕ್ಕೆ ಅನುಮತಿ ಕೇಳಿ ಪಡೆಯಲಾರದೆ 1858ರ ಮೇ ತಿಂಗಳಿನಲ್ಲಿ ಬಂಡೆದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಇವರ ನೆನಪು ಲಾವಣಿಗಳಲ್ಲಿ ಉಳಿದಿದೆ. ಕೃಷ್ಣರಾಜರು 1857ರಲ್ಲಿ ಇಂಗ್ಲಿಷರ ಪಕ್ಷದಲ್ಲಿಯೇ ನಿಂತರು. ಅವರ ಮೇಲೆ ಲಾವಣಿ ಕಟ್ಟುವಂಥದೇನೂ ಅಲ್ಲಿರಲಿಲ್ಲ. ವೀರರೊಡನೆ ಹೋಲಿಸಿ ಅವರನ್ನು ಕಿರಿದುಮಾಡುವುದು ಸುಲಭ. ಆದರೆ ಸ್ವಂತ ಸೈನ್ಯವಿಲ್ಲದ, ಬೊಕ್ಕಸವಿಲ್ಲದ, ಅರಮನೆಯ ಖರ್ಚಿಗೂ ಕಮಿಷನರನ ಕಡೆಗೆ ನೋಡಬೇಕಾಗಿದ್ದ ಅರಸರಿಗೆ ಕಾಗದವೊಂದೇ ಆಯುಧವಾಗಿತ್ತೆಂಬುದನ್ನು ಮರೆಯುವಂತಿಲ್ಲ.

1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಮೇಲ್ವಿಚಾರಣೆಗೆ ಒಪ್ಪಿಸುವ ಆಜ್ಞೆ ಹೊರಟಿತು. ಅರಸರು ಬಲವಾಗಿ ಪ್ರತಿಭಟಿಸಿದರು. ಕಬ್ಬನ್ ಕೂಡ ಇದನ್ನು ಒಪ್ಪದೆ ರಾಜೀನಾಮೆಗೆ ಸಿದ್ಧನಾದನು. ಆಜ್ಞೆಯು ರದ್ದಾಯಿತು. ಈ ಸಣ್ಣ ಪ್ರಸಂಗವು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆದರೆ ಬಳ್ಳಾರಿಯು ಮದರಾಸಿನ ಅಡಿಯಲ್ಲಿ ಗಡಿಯ ಜಿಲ್ಲೆಯಾಗಿ ಉಳಿದದ್ದನ್ನು ಬಲ್ಲವರಿಗೆ ಪಣದಲ್ಲಿದ್ದುದು ಏನೆಂದು ಹೇಳಬೇಕಾಗಿಲ್ಲ. ಕನ್ನಡವು ಬಹುಸಂಖ್ಯಾತರ ಮಾತಾಗಿದ್ದ ಒಂದು ದೊಡ್ಡ ಆಡಳಿತ ಪ್ರದೇಶವೇ ಅಂದು ಇಲ್ಲವಾಗಬಹುದಿತ್ತು.

1861ರ ಫೆಬ್ರವರಿಯಲ್ಲಿ ಕ್ಯಾನಿಂಗನಿಗೆ ಬರೆದ ದೀರ್ಘ ಖರೀತಾಗೆ ಮರುವರ್ಷ ಬಂದ ಉತ್ತರವು ನಿರಾಕರಣೆಯೇ ಆಗಿತ್ತು. ದೇಶದ ಅನೇಕ ಅರಸರಿಗೆ ದತ್ತಕದ ಹಕ್ಕನ್ನು ಮನ್ನಿಸುವ ಸನದುಗಳನ್ನು ಕೊಟ್ಟಾಗ ಮೈಸೂರನ್ನು ಬಿಡಲಾಯಿತು. 1863ರಲ್ಲಿ ಲಂಡನ್ನಿನಿಂದಲೂ ಅದೇ ಉತ್ತರ ಬಂದಿತು. ಎಪ್ಪತ್ತರ ಅಂಚಿನಲ್ಲಿದ್ದ ಅರಸರು ಇಲ್ಲಿಗೆ ಸುಮ್ಮನಾಗಲಿಲ್ಲ. ತಮ್ಮ ವೈದ್ಯನಾಗಿದ್ದ ಡಾಕ್ಟರ್ ಕ್ಯಾಂಪ್‌ಬೆಲ್‌ನನ್ನು ಇಂಗ್ಲೆಂಡಿಗೆ ಕಳುಹಿಸಿ ಅಲ್ಲಿಯ ಜನಾಭಿಪ್ರಾಯವನ್ನು ತಿರುಗಿಸಲು ಯತ್ನಿಸಿದರು. ಇವಾನ್ಸ್ ಬೆಲ್ ಎಂಬ ಸೈನ್ಯಾಧಿಕಾರಿಯು 1865ರಲ್ಲಿ ಮೈಸೂರಿನ ಹಕ್ಕನ್ನು ಸಮರ್ಥಿಸಿ ಪುಸ್ತಕವನ್ನೇ ಬರೆದನು.

ಅದೇ ವರ್ಷ ಜೂನ್ 18ರಂದು ಅರಸರು ಅನುಮತಿಗಾಗಿ ಕಾಯದೆ, ಶಾಸ್ತ್ರೋಕ್ತವಾಗಿ, ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ದತ್ತಕವು ಧರ್ಮಶಾಸ್ತ್ರದಂತೆ ತಮ್ಮ ಹಕ್ಕೆಂದೂ ಅದಕ್ಕೆ ಸರ್ಕಾರದ ಒಪ್ಪಿಗೆಯ ಅಗತ್ಯವಿಲ್ಲವೆಂದೂ ಅವರು ಆ ಕ್ರಿಯೆಯಿಂದಲೇ ಸಾರಿದಂತಾಯಿತು. ವೈಸರಾಯ್ ಜಾನ್ ಲಾರೆನ್ಸ್ ಅದನ್ನು ರಾಜ್ಯದ ಮಟ್ಟಿಗೆ ಮನ್ನಿಸಲಿಲ್ಲ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಸಂತಾನಾಂಬುಜವೆಂಬ ಚಿತ್ರವಿದೆ. ವಂಶವನ್ನು ಅರಳಿದ ತಾವರೆಯ ಎಸಳುಗಳಲ್ಲಿ ತುಂಬಿ ತೋರಿಸುವ ಕಲ್ಪನೆ ಅದು. ಸಂತಾನ ನಿಲ್ಲಲೆಂಬ ಶಾಪದ ಕಥೆಯನ್ನು ಕೇಳುತ್ತ ಬೆಳೆದ ಮನೆತನವೊಂದು, ವಾರಸುದಾರರೇ ಇಲ್ಲವೆಂದು ಸರ್ಕಾರವು ಎಣಿಸುತ್ತಿದ್ದ ಕಾಲದಲ್ಲಿ, ತನ್ನ ಸಂತಾನವನ್ನು ಗೋಡೆಯ ಮೇಲೆ ಅರಳಿಸಿತ್ತು.

1867ರ ಏಪ್ರಿಲ್ 16ರಂದು ಭಾರತಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟನ ತೀರ್ಮಾನ ಹೊರಟಿತು. ಕೃಷ್ಣರಾಜರಿಗೆ ಆಡಳಿತವು ಹಿಂದಿರುಗದು. ಆದರೆ ಒಡೆಯರ ವಂಶವು ಮೈಸೂರಿನಲ್ಲಿ ಮುಂದುವರಿಯುವುದು, ದತ್ತಪುತ್ರನು ವಯಸ್ಸಿಗೆ ಬಂದು ಯೋಗ್ಯನೆಂದು ಕಂಡಾಗ ರಾಜ್ಯವನ್ನು ಅವನಿಗೆ ಒಪ್ಪಿಸಲಾಗುವುದು. ತಮಗಾಗಿ ಕೇಳಿದ್ದು ದೊರೆಯಲಿಲ್ಲ, ಮನೆತನಕ್ಕಾಗಿ ಕೇಳಿದ್ದು ದೊರೆಯಿತು. ಇನ್ನೂ ಒಂದು ವರ್ಷವೂ ತುಂಬದೆ, 1868ರ ಮಾರ್ಚ್ 27ರಂದು, 73ನೆಯ ವಯಸ್ಸಿನಲ್ಲಿ ಕೃಷ್ಣರಾಜರು ಕಾಲವಾದರು. ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರರಿಗೆ ಪಟ್ಟಾಭಿಷೇಕವಾಯಿತು. ತಂದೆಯು ಪಟ್ಟವೇರಿದಾಗಲೂ ಐದೇ ವರ್ಷ.

1881ರ ಮಾರ್ಚ್ 25ರಂದು ರಾಜ್ಯವನ್ನು ಹಿಂದಿರುಗಿಸಿದಾಗ ಹಳೆಯ ಕರಾರುಗಳ ಸ್ಥಳದಲ್ಲಿ ಹಸ್ತಾಂತರ ಪತ್ರವೊಂದು ಬಂದಿತು. ಅದರಲ್ಲಿ ಮೈಸೂರು ಕರಾರಿನ ಸಮಾನಪಕ್ಷವಾಗಿರಲಿಲ್ಲ, ಷರತ್ತುಗಳಿಗೆ ಒಳಪಟ್ಟು ಕೊಡಲಾದ ರಾಜ್ಯವಾಗಿತ್ತು. ಯಾವ ಒಪ್ಪಂದದ ಒಂದೊಂದು ಪದಕ್ಕಾಗಿ ಕೃಷ್ಣರಾಜರು ಮೂವತ್ತೇಳು ವರ್ಷ ವಾದಿಸಿದ್ದರೋ ಆ ಒಪ್ಪಂದವೇ ಅವರ ಗೆಲುವಿನ ನಂತರ ಬದಿಗೆ ಸರಿಯಿತು. ಮೈಸೂರಿಗೆ ಮತ್ತೆ ಕರಾರಿನ ಸ್ಥಾನವು ದೊರೆತುದು 1913ರಲ್ಲಿ, ಚಾಮರಾಜೇಂದ್ರರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದಾದ ಮೂರು ವರ್ಷಕ್ಕೆ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು.